ದ್ಯಾಮವ್ವನ ಕಡೆ ಮುಖ ಮಾಡಿ ನಿಂತ ಲಾರಿ

ಯಲಬುರ್ಗಾದಲ್ಲಿ ನಾನು ಬಾಡಿಗೆಗಿರುವ ಮನೆಯ ಎದುರು ತರಕಾರಿ ಸಾಗಿಸುವ ಒಂದು ಟೆಂಪೊ ನಿಲ್ಲುತ್ತದೆ. ಚಳಿ ಬಿತ್ತೆಂದರೆ ಅದು ಬೆಳಿಗ್ಗೆ ಸುಲಭಕ್ಕೆ ಶುರುವಾಗುವುದಿಲ್ಲ. ಮೊನ್ನೆಯೂ ಹಾಗೇ ಆಯಿತು. ಸೆಲ್ಫ್ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ಇಂಜಿನ್ ಕೆಮ್ಮಿ ಹತ್ತಿಕೊಂಡಾಗ ಬಿಳಿ ಹೊಗೆ ರಸ್ತೆ ದಾಟಿ ನನ್ನ ಅಡುಗೆಮನೆಯೊಳಗೆ ಬಂತು. ಪೂರ್ತಿ ಉರಿಯದ ಡೀಸೆಲಿನ ವಾಸನೆ, ಮೂಗಿಗಿಂತ ಮೊದಲು ಕಣ್ಣಿಗೆ ತಾಗುವಂಥದ್ದು. ಪಕ್ಕದ ಮನೆಯವರು ಬೈದುಕೊಳ್ಳುತ್ತ ಕಿಟಕಿ ಹಾಕಿದರು. ನಾನು ಹಾಕಲಿಲ್ಲ. ಆ ವಾಸನೆಯಲ್ಲಿ ನಾನು ಒಂದು ಚಳಿಗಾಲವನ್ನು ಪೂರ್ತಿ ಕಳೆದಿದ್ದೇನೆ. ಚಿಗವ್ವನ ಮನೆಯಲ್ಲಿ, ಅವಳ ಲಾರಿಯ ಜೊತೆಗೆ.

ಆಗಷ್ಟೇ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದೆ. ಗಂಗಾವತಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಗಂಗಾವತಿಯಿಂದ ಕನಕಗಿರಿಯ ಕಡೆ ಹೋಗುವ ದಾರಿಯಲ್ಲಿ, ಗದ್ದೆಗಳು ಮುಗಿದು ಕಲ್ಲುಗುಡ್ಡಗಳು ಶುರುವಾಗುವಲ್ಲಿ, ಕಾಲುವೆ ನೀರು ಹತ್ತದ ಎತ್ತರದಲ್ಲಿ ಕಾಕಾನ ಊರು. ಕಾಕಾ, ಅಂದರೆ ಅಪ್ಪನ ತಮ್ಮ, ಹಿಂದಿನ ವರ್ಷ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವಳು ಅವರ ಹೆಂಡತಿ, ನನ್ನ ಚಿಗವ್ವ ಶಾಂತವ್ವ. ಮಗಳು ಮದುವೆಯಾಗಿ ಸಿಂಧನೂರಿನಲ್ಲಿದ್ದಳು. ಅಂಗಳದಲ್ಲಿ ಆರು ಚಕ್ರದ ಹಳೆಯ ಲಾರಿ. ಕಾಕಾ ಅದನ್ನು ತಾವೇ ಓಡಿಸುತ್ತಿದ್ದರು. ಅವರು ಹೋದ ಮೇಲೆ ಚಿಗವ್ವ ಮಾಬುಸಾಬ ಎಂಬ ಡ್ರೈವರನನ್ನು ಇಟ್ಟುಕೊಂಡು ಬಾಡಿಗೆ ನಡೆಸುತ್ತಿದ್ದಳು.

ಅಪ್ಪ ಕೊಪ್ಪಳದಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ತಮ್ಮನ ಹೆಂಡತಿ ಲಾರಿ ನಡೆಸುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ. ಲಾರಿಯ ಕಾಗದಗಳನ್ನು ಅವಳ ಹೆಸರಿಗೆ ಮಾಡಿಸಲು ಓಡಾಡಿದವರೂ ಅವರೇ. ಆದರೆ ಅದು ನಡೆಯುವ ಕೆಲಸವಲ್ಲ ಎಂದು ಅವರು ನಂಬಿದ್ದರು. ನನ್ನನ್ನು ಬಸ್ ಹತ್ತಿಸುವಾಗ ಹೇಳಿದರು: "ಹಾಸ್ಟೆಲ್ ಯಾಕ, ಶಾಂತವ್ವನ ಮನಿ ಐತಿ. ಹಂಗ ಮೆಲ್ಲಕ ಅಕಿಗೆ ತಿಳಿಸಿ ಹೇಳು. ಗಾಡಿ ಮಾರಿ ನಮ್ಮಲ್ಲಿ ಬಂದು ಆರಾಮ ಇರಲಿ."

ನಾನು ಮೆಲ್ಲಗೆ ತಿಳಿಸಿ ಹೇಳುವ ಜಾತಿಯವಳಲ್ಲ. ಅಪ್ಪ ಹೀಗೆ ಹೇಳಿದ್ದಾರೆ ಎಂದು ಮೊದಲ ದಿನ ಊಟಕ್ಕೆ ಕುಳಿತಾಗಲೇ ಹೇಳಿಬಿಟ್ಟೆ. ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಲಾರಿ ಮಾರಿದ್ರ ನಾ ಏನ್ ಮಾಡ್ಲಿ? ಕೊಪ್ಪಳದಾಗ ನಿಮ್ಮವ್ವನ ಮಗ್ಗಲ ಕುಂತು ಬ್ಯಾಳಿ ಆರಸ್ಲಿ? ನಿಮ್ಮವ್ವ ಭಾಳ ಛಲೋ ಹೆಣಮಗಳು. ಆದ್ರ ಆ ಬ್ಯಾಳಿ ಅಕಿದು. ನಾ ಆರಿಸಿದ್ರೂ ಅಕಿದ."

ಅದರ ಬಗ್ಗೆ ಅವಳು ಹೇಳಿದ್ದು ಅಷ್ಟೇ. ಅದು ಅಷ್ಟಕ್ಕೇ ನನಗೆ ಅರ್ಥವಾಯಿತು.

ಅವಳ ದಿನ ಫೋನಿನಲ್ಲಿ ಕಳೆಯುತ್ತಿತ್ತು. ಯಾರ ಗದ್ದೆ ಕೊಯ್ಲಿಗೆ ಬಂತು, ಯಾವ ರೈಸ್‌ಮಿಲ್ಲಿನ ಗೇಟಿನಲ್ಲಿ ಪಾಳಿ ಎಷ್ಟು ಉದ್ದ ನಿಂತಿದೆ, ಹಮಾಲರ ಯಾವ ಗುಂಪು ಎಲ್ಲಿ ತುಂಬುತ್ತಿದೆ, ಎಲ್ಲವೂ ಅವಳ ಬಾಯಲ್ಲಿ ಇರುತ್ತಿತ್ತು. ಮಿಲ್ಲಿನವರು ಮೊದಮೊದಲು ಫೋನನ್ನು ಮಾಬುಸಾಬನಿಗೆ ಕೊಡಿ ಎನ್ನುತ್ತಿದ್ದರಂತೆ. ನಾನು ಹೋಗುವಷ್ಟರಲ್ಲಿ "ಶಾಂತವ್ವಾರ, ನಾಳೆ ಗಾಡಿ ಬರತೈತೇನ್ರಿ?" ಎಂದು ಅವಳನ್ನೇ ಕೇಳುತ್ತಿದ್ದರು.

ದೀಪಾವಳಿ ಮುಗಿದು ಕೊಯ್ಲು ಬಿರುಸಾದಾಗ ತೊಂದರೆ ಶುರುವಾಯಿತು. ಬೆಳಕು ಹರಿಯುವ ಮುಂಚೆ ಲಾರಿ ಹೊರಡಬೇಕು. ಗದ್ದೆಯ ಬದುವಿನಲ್ಲಿ ಹಮಾಲರು ಕಾಯುತ್ತಿರುತ್ತಾರೆ. ಬರುವುದು ತಡವಾದರೆ ಅವರು ಮುಂದಿನ ಲಾರಿಗೆ ಹೊರಟುಬಿಡುತ್ತಾರೆ. ಅವರದು ದಿನಗೂಲಿಯ ಲೆಕ್ಕ, ಯಾರ ಮೇಲೂ ಸಿಟ್ಟಿಲ್ಲ. ಅವತ್ತು ಮಾಬುಸಾಬ ಕೀಲಿ ತಿರುಗಿಸಿದ. ಸೆಲ್ಫ್ ತಿರುಗಿತು, ಇಂಜಿನ್ ಹತ್ತಲಿಲ್ಲ. ಮತ್ತೆ ತಿರುಗಿಸಿದ. ಬ್ಯಾಟರಿ ಸೋಲುವವರೆಗೂ ತಿರುಗಿಸಿದ. ಪಕ್ಕದ ಮನೆಯ ಬಸಪ್ಪನ ಟ್ರ್ಯಾಕ್ಟರ್ ತಂದು ಸರಪಳಿ ಹಾಕಿ ಎಳೆಸಿದಾಗ ಬಿಳಿ ಹೊಗೆ ಬಿಟ್ಟು ಶುರುವಾಯಿತು. ಅಷ್ಟರಲ್ಲಿ ಹಮಾಲರು ಬೇರೆ ಲಾರಿ ತುಂಬಿದ್ದರು.

"ಥಂಡಿ ಹತ್ತೈತ್ರಿ ಇದಕ್ಕ" ಎಂದ ಮಾಬುಸಾಬ. ಊರಿನವರೆಲ್ಲ ಅದನ್ನೇ ಅಂದರು.

ಆಮೇಲಿನ ದಿನಗಳಲ್ಲಿ ಚಳಿಗೆ ಮಾಡುವುದನ್ನೆಲ್ಲ ಮಾಡಿದೆವು. ಬ್ಯಾಟರಿಯನ್ನು ಗಂಗಾವತಿಗೆ ಒಯ್ದು ಚಾರ್ಜ್ ಮಾಡಿಸಿದ್ದಾಯಿತು, ಅದರ ತುದಿಗಳನ್ನು ಉಜ್ಜಿ ದಪ್ಪ ಕೇಬಲ್ ಹಾಕಿಸಿದ್ದಾಯಿತು. ಚಿಗವ್ವ ರೇಡಿಯೇಟರಿಗೆ ಬಿಸಿನೀರು ಹುಯ್ದಳು. ಮಾಬುಸಾಬ ಕಬ್ಬಿಣದ ಬಾಣಲೆಯಲ್ಲಿ ಕೆಂಡ ತಂದು ಇಂಜಿನ್ನಿನ ಎಣ್ಣೆಯ ತೊಟ್ಟಿಯ ಕೆಳಗೆ ಇಟ್ಟು, ಪಕ್ಕದಲ್ಲಿ ನೀರಿನ ಕೊಡ ಇಟ್ಟುಕೊಂಡು ಕಾವಲು ಕೂರುತ್ತಿದ್ದ. ಸಂಜೆಯಾಗುತ್ತಲೇ ಲಾರಿಯ ಮೂತಿಗೆ ಹಳೆಯ ಕೌದಿ ಹೊದಿಸುತ್ತಿದ್ದರು. ಹರಿದ ಸೀರೆಗಳ ಕೆಂಪು ಹಳದಿ ತುಂಡುಗಳನ್ನು ಸೇರಿಸಿ ಚಿಗವ್ವನೇ ಹೊಲಿದ ಕೌದಿ.

ಬಸಪ್ಪನ ಹೆಂಡತಿ ನೀರಿಗೆ ಹೋಗುವಾಗ ನಿಂತು ಕೇಳುತ್ತಿದ್ದಳು: "ಶಾಂತವ್ವಾ, ಕೂಸಿಗೆ ನೆಗಡಿ ಕಮ್ಮಿ ಆತೇನ?"

"ನಿನ್ನ ಗಂಡನ ಟ್ರ್ಯಾಕ್ಟರಿನ ಹಾಲು ಕುಡ್ಯಾಕತ್ತೈತಿ. ಕಮ್ಮಿ ಆಗತೈತಿ ತಗೋ" ಎಂದು ಚಿಗವ್ವ ಉತ್ತರಿಸುತ್ತಿದ್ದಳು. ಆ ಟ್ರ್ಯಾಕ್ಟರ್ ಆಗಲೇ ಬೇಕೆಂದಾಗೆಲ್ಲ ಬಂದು ಎಳೆದಿತ್ತು.

ನನಗೆ ಚಳಿಯ ಮಾತು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ನಮ್ಮ ಕಡೆಯ ಚಳಿ ಎಂದರೆ ಎಷ್ಟು? ಶಾಲು ಹೊದೆಯುವಷ್ಟು. ಡೀಸೆಲ್ ಮಂದವಾಗಿ ಕೆಡುವಂಥ ಚಳಿ ಇದಲ್ಲ ಎಂದು ಒಮ್ಮೆ ಚಿಗವ್ವನಿಗೆ ಹೇಳಿದೆ.

"ನಿನಗ ಇಲ್ಲವಾ" ಎಂದಳು. "ನಿನಗ ಶಾಲು ಐತಿ. ಅದರ ಮೈ ಕಬ್ಬಣ."

"ಕೌದಿ ಐತಲ್ಲ" ಎಂದೆ.

"ಅದಕ್ಕ ದಿನಾ ಅಲ್ಲ, ದಿನಾ ಬಿಟ್ಟು ದಿನಾ ಹಟಾ ಮಾಡತೈತಿ."

ಅದು ನಿಜವಾಗಿತ್ತು. ಪ್ರತಿ ದಿನವೂ ಕೆಡುತ್ತಿರಲಿಲ್ಲ. ಅದೇ ನಮ್ಮನ್ನು ದಾರಿ ತಪ್ಪಿಸಿತು. ಶುರುವಾದ ದಿನ ಹಿಂದಿನ ದಿನ ಮಾಡಿದ ಉಪಚಾರಕ್ಕೆ ಶ್ರೇಯಸ್ಸು ಹೋಗುತ್ತಿತ್ತು. ಕೇಬಲ್ ಹಾಕಿಸಿದ ಮರುದಿನ ಶುರುವಾಯಿತು, ಕೇಬಲ್ಲೇ ಕಾರಣ ಎಂದುಕೊಂಡೆವು. ಅದರ ಮುಂದಿನ ಬೆಳಿಗ್ಗೆ ಮತ್ತೆ ಸರಪಳಿ.

ಗಂಗಾವತಿಯ ಹೊರಗೆ ಗ್ಯಾರೇಜು ಇಟ್ಟಿದ್ದ ಈರಪ್ಪ ಮಿಸ್ತ್ರಿ ಕಾಕಾನ ಕಾಲದಿಂದಲೂ ಈ ಗಾಡಿಯನ್ನು ಬಲ್ಲವರು. ಮಧ್ಯಾಹ್ನ ಮಿಲ್ಲಿನಲ್ಲಿ ಖಾಲಿಯಾದ ಮೇಲೆ ಲಾರಿ ಅವರ ಬಳಿ ಹೋಗುತ್ತಿತ್ತು. ಹೋದಾಗೆಲ್ಲ ಮುಟ್ಟಿದರೆ ಶುರು. ಅವರು ಕೈಬೆರಳು ಒರೆಸಿಕೊಳ್ಳುತ್ತ ಮಾಬುಸಾಬನ ಮುಖ ನೋಡುತ್ತಿದ್ದರಂತೆ: "ನನ್ನ ಕಂಡ ಕೂಡಲೆ ಇದರ ಜಡ್ಡು ಹೋಗತೈತೋ, ಇಲ್ಲಾ ನೀನ ಮುಂಜಾನೆ ಏಳಾಕ ಬ್ಯಾಸರಾಗಿ ಹಿಂಗ ಹೇಳಾಕತ್ತೀಯೋ?" ಆದರೂ ಡೀಸೆಲ್ ಫಿಲ್ಟರ್ ಬದಲಿಸಿದರು. ಭತ್ತದ ಧೂಳು ತುಂಬಿ ಕಟ್ಟಿಕೊಂಡಿದ್ದ ಗಾಳಿಯ ಫಿಲ್ಟರ್ ಜಾಡಿಸಿದರು. ಡೀಸೆಲ್ ಸಿಂಪಡಿಸುವ ನಾಜಲ್‌ಗಳನ್ನು ಬಿಚ್ಚಿ ಪರೀಕ್ಷೆಗೆ ಕಳಿಸಿದರು, ಅವು ಸರಿಯಾಗಿದ್ದವು. ಮುಂದಿನ ವಾರವೂ ಲಾರಿ ಹಟ ಹಿಡಿದಾಗ ಅವರು ಚಿಗವ್ವನಿಗೆ ಫೋನ್ ಮಾಡಿದರು.

"ತಂಗೆವ್ವಾ, ಇನ್ನ ಇಂಜಿನ್ ಬಿಚ್ಚಬೇಕು. ಪಿಸ್ಟನ್ ಸವದಿದ್ರ ಥಂಡ್ಯಾಗ ಕಂಪ್ರೆಷನ್ ಬರಂಗಿಲ್ಲ."

"ಬಿಚ್ಚಿದ್ರ ಎಂದು ಕೊಡ್ತೀರಿ?"

"ಸುಗ್ಗಿ ಮುಗಿಯೂದ್ರಾಗ ಆಗಂಗಿಲ್ಲ. ಸುಳ್ಳ್ಯಾಕ ಹೇಳ್ಲಿ."

ಸುಗ್ಗಿಯಲ್ಲಿ ನಿಂತ ಲಾರಿಯ ಬಾಡಿಗೆ ಬೇರೆಯವರ ಪಾಲಾಗುತ್ತದೆ. ಮುಂದಿನ ಸುಗ್ಗಿಗೆ ಮಿಲ್ಲಿನವರು ಆ ಬೇರೆಯವರಿಗೇ ಫೋನ್ ಮಾಡುತ್ತಾರೆ. ಈ ಸುದ್ದಿ ಕೊಪ್ಪಳಕ್ಕೆ ಹೇಗೋ ತಲುಪಿತು. ಅಪ್ಪ ಕುಷ್ಟಗಿಯಲ್ಲಿ ಹಳೆಯ ಲಾರಿ ಕೊಳ್ಳುವ ಒಬ್ಬರನ್ನು ಗೊತ್ತು ಮಾಡಿದರು. ಎಳ್ಳ ಅಮವಾಸ್ಯೆ ಕಳೆದ ಮೇಲೆ ಅವರು ಬಂದು ನೋಡುತ್ತಾರೆ, ಸಂಕ್ರಾಂತಿಯೊಳಗೆ ಮಾತು ಮುಗಿಸೋಣ ಎಂದರು. ಚಿಗವ್ವ ಫೋನಿಟ್ಟು ಅಂಗಳದ ಕಡೆ ತಿರುಗಿದಳು.

"ಭಾವಾರು ಹೇಳೂದು ತಪ್ಪಲ್ಲ" ಎಂದಳು. "ಶುರುನ ಆಗದ ಗಾಡಿ ಇಟಗೊಂಡು ನಾ ಏನಂತ ವಾದ ಮಾಡ್ಲಿ?"

ಅವಳಿಗೆ ವಾದ ಬೇಕಾಗಿರಲಿಲ್ಲ. ಲಾರಿ ಬೆಳಿಗ್ಗೆ ಶುರುವಾದರೆ ಸಾಕಿತ್ತು.

ಕಾಲೇಜಿಗೆ ರಜೆಯಿದ್ದ ಒಂದು ಬೆಳಿಗ್ಗೆ ನಾನು ಬೇಗನೆ ಎದ್ದು ಕಟ್ಟೆಯ ಮೇಲೆ ಕುಳಿತು ಮಾಬುಸಾಬನ ಕೆಲಸ ನೋಡುತ್ತಿದ್ದೆ. ಅವನು ಕೀಲಿ ಹಾಕುವ ಮೊದಲು ಕ್ಯಾಬಿನ್ನಿನ ಕೆಳಗೆ ಬಗ್ಗಿ ಇಂಜಿನ್ನಿನ ಪಕ್ಕ ಏನನ್ನೋ ಒತ್ತುತ್ತಿದ್ದ, ಸೈಕಲ್ಲಿಗೆ ಗಾಳಿ ಹೊಡೆದಂತೆ.

"ಏನದು ಮಾಬಣ್ಣ?"

"ಹ್ಯಾಂಡ್ ಪಂಪ್ರಿ ಮೇಡಮ್ಮಾರ. ಇಂಜಿನ್ ತಾನ ಡೀಸೆಲ್ ಎಳಕೊಳ್ಳೂ ಮದಲ ಕೈಲೆ ಮ್ಯಾಲ ತರೂದು. ದಿನಾ ಹೊಡೀತೀನಿ. ಪಂಪ್ ಕೈಗೆ ಗಟ್ಟಿ ಹತ್ತೂತನಕ ಹೊಡದ್ರ ಒಂದೊಂದು ದಿನ ಹತ್ತತೈತಿ. ಒಂದೊಂದು ದಿನ ಅಷ್ಟಕ್ಕೂ ಕೇಳಂಗಿಲ್ಲ."

"ಮಿಲ್ಲಿನ ಪಾಳ್ಯಾಗ ರಾತ್ರಿ ಉಳದಾಗ? ಅಲ್ಲೂ ಹೊಡೀಬೇಕೇನು?"

ಅವನು ಬಗ್ಗಿದ್ದವನು ಎದ್ದು ನಿಂತ. "ಇಲ್ರಿ. ಅಲ್ಲಿ ಮುಟ್ಟಿದ್ರ ಶುರು. ಕಾಲವಿ ಮಗ್ಗಲ, ಇಲ್ಲಿಗಿಂತ ಥಂಡಿ ಹೆಚ್ಚ. ಅಲ್ಲಿ ಅದಕ್ಕ ತವರುಮನಿ ಇದ್ದಂಗ, ಇಲ್ಲಿ ಅತ್ತಿಮನಿ."

ಇಲ್ಲಿಗೂ ಅಲ್ಲಿಗೂ ಏನು ಬೇರೆ ಎಂದು ಯೋಚಿಸಿದೆ. ಬ್ಯಾಟರಿ ಅದೇ, ಡೀಸೆಲ್ ಅದೇ, ಡ್ರೈವರ್ ಅವನೇ, ಚಳಿ ಅಲ್ಲೇ ಹೆಚ್ಚು. ಪಿಸ್ಟನ್ ಸವೆದಿದ್ದರೆ ಅದು ಊರು ನೋಡಿ ಸವೆಯುವುದಿಲ್ಲ. ಬೇರೆ ಇದ್ದದ್ದು ನನ್ನ ಕಾಲ ಕೆಳಗೇ ಇತ್ತು. ಮಿಲ್ಲಿನ ಮುಂದೆ ನೆಲ ಸಮ, ಚಿಗವ್ವನ ಅಂಗಳ ಇಳಿಜಾರು. ಮನೆಯ ಮುಂದಿನಿಂದ ಏರುತ್ತ ಹೋಗಿ ಕಲ್ಲುಬಂಡೆಯ ಮೇಲಿನ ದ್ಯಾಮವ್ವನ ಗುಡಿಗೆ ಮುಟ್ಟುತ್ತದೆ. ಪೂಜೆಗೆಂದು ಮುಂದಿನ ಚಕ್ರಕ್ಕೆ ನೀರು ಹಾಕಿದರೆ ಅದು ಲಾರಿಯ ಕೆಳಗೇ ಹರಿದು ಹೊಸ್ತಿಲಿಗೆ ಬರುತ್ತಿತ್ತು. ಆ ಓಣಿಯಲ್ಲಿ ಬಂಡಿಯಾಗಲಿ, ಟ್ರ್ಯಾಕ್ಟರ್ ಆಗಲಿ, ಮೋಟರ್‌ಸೈಕಲ್ ಆಗಲಿ ದ್ಯಾಮವ್ವನ ಕಡೆ ಮುಖ ಮಾಡಿಯೇ ನಿಲ್ಲಬೇಕು. ತಾಯಿಗೆ ಬೆನ್ನು ತೋರಿಸಬಾರದು. ಹಾಗಾಗಿ ನಮ್ಮ ಲಾರಿ ರಾತ್ರಿಯೆಲ್ಲ ಮೂತಿ ಮೇಲೆ, ಬಾಲ ಕೆಳಗೆ ಮಾಡಿಕೊಂಡು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟುಕೊಂಡು ನಿಂತಿರುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಅದಕ್ಕೇ ಯಾರೂ ಮಿಸ್ತ್ರಿಗೆ ಹೇಳಿರಲಿಲ್ಲ.

ಫೋನ್ ಹಚ್ಚಿ ಈರಪ್ಪ ಮಿಸ್ತ್ರಿಯವರಿಗೆ ಎರಡನ್ನೂ ಹೇಳಿದೆ. ಅವರು ಇಳಿಜಾರಿನ ಮಾತಿಗಿಂತ ಮೊದಲು ಪಂಪಿನ ಮಾತು ಹಿಡಿದರು.

"ಮಾಬುಸಾಬ್ ಅದಾನೇನ ಅಲ್ಲೆ? ಫೋನ್ ಕೊಡ್ರಿ. ಏನಪಾ, ದಿನಾ ಪಂಪ್ ಹೊಡೀತೀ? ನನಗ ಒಮ್ಮೆರ ಹೇಳಿದ್ಯಾ?"

"ಮಿಸ್ತ್ರಿಯವರ, ಮುಂಜಾನೆ ಮುಖಾ ತೊಳಕೊಂಡೆ ಅಂತ ಯಾರಾರ ಹೇಳ್ಕೋತ ತಿರಗ್ತಾರೇನ್ರಿ?"

"ಪಂಪ್ ಹೊಡೀಬೇಕಾಗತೈತಿ ಅಂದ್ರ ಲೈನಿನಾಗ ಡೀಸೆಲ್ ಇಲ್ಲ ಅಂತ ಅರ್ಥ. ಎಲ್ಲೋ ಗಾಳಿ ಒಳಗ ಹೊಕ್ಕು ಡೀಸೆಲ್ ಇಳದು ಟ್ಯಾಂಕಿಗೆ ಹೋಗಾಕತ್ತೈತಿ. ನಾ ಇಲ್ಲಿ ಪಿಸ್ಟನ್ ಪಿಸ್ಟನ್ ಅಂತ ಬಡಕೊಳ್ಳಾಕತ್ತೀನಿ."

ಅವತ್ತು ಮಧ್ಯಾಹ್ನವೇ ಅವರು ಪೈಪಿನ ಜೋಡಣೆಗಳನ್ನು ಹುಡುಕಿದರು. ಎಲ್ಲೂ ಡೀಸೆಲ್ ಒಸರಿದ ಗುರುತಿರಲಿಲ್ಲ. ಬಿಸಿಲಿಗೆ ಕಾದ ಲಾರಿಯಲ್ಲಿ ಎಲ್ಲವೂ ಬಿಗಿಯಾಗಿ ಕೂತಿದ್ದವು. ಅನುಮಾನ ಬಂದಲ್ಲಿ, ಫಿಲ್ಟರಿನ ಹತ್ತಿರ, ವಾಷರ್ ಬದಲಿಸಿ ಕಳಿಸಿದರು. ಮರುದಿನ ಬೆಳಿಗ್ಗೆ ಮತ್ತೆ ಬಸಪ್ಪನ ಟ್ರ್ಯಾಕ್ಟರ್ ಬಂತು. ಬಸಪ್ಪ ಈಗ ಕರೆಯುವುದಕ್ಕೆ ಕಾಯುತ್ತಿರಲಿಲ್ಲ. ಸೆಲ್ಫಿನ ಸದ್ದು ಕೇಳಿ ತಾನೇ ಸರಪಳಿ ಹೊತ್ತು ಬರುತ್ತಿದ್ದ.

ಅಂದು ಸಂಜೆ ಚಿಗವ್ವ ನನ್ನನ್ನು ಕೇಳಿದಳು: "ಗಾಳಿ ಹೊಕ್ರ ಡೀಸೆಲ್ ಯಾಕ ಇಳೀಬೇಕು? ನನಗ ತಿಳಿಯೂಹಂಗ ಹೇಳು."

ತೋಟಕ್ಕೆ ನೀರು ಬಿಡುವ ಸಣ್ಣ ಪೈಪಿನ ತುಂಡೊಂದು ಹಿತ್ತಲಲ್ಲಿತ್ತು. ಅದನ್ನು ನೀರಿನಲ್ಲಿ ಮುಳುಗಿಸಿ, ಮೇಲಿನ ತುದಿಗೆ ಹೆಬ್ಬೆರಳು ಒತ್ತಿ ಎತ್ತಿ ಹಿಡಿದೆ. ನೀರು ಒಳಗೇ ನಿಂತಿತು. ಹೆಬ್ಬೆರಳು ಸಡಿಲಿಸಿದೆ. ನೀರು ಇಳಿದು ಹೋಯಿತು. ಅವಳು ಪೈಪ್ ತೆಗೆದುಕೊಂಡು ತಾನೂ ಮಾಡಿ ನೋಡಿದಳು. ಆಮೇಲೆ ಅದನ್ನು ಅಡ್ಡ ಮಲಗಿಸಿ ಹೆಬ್ಬೆರಳು ತೆಗೆದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನೀರು ಹೆಚ್ಚು ಕದಲಲಿಲ್ಲ.

"ಮಿಲ್ಲಿನಾಗ ಹಿಂಗ" ಎಂದಳು. ಪೈಪನ್ನು ಎತ್ತಿ ನೆಟ್ಟಗೆ ಮಾಡಿದಳು. "ಇಲ್ಲಿ ಹಿಂಗ. ಎಲ್ಲೋ ಹೆಬ್ಬಟ್ಟು ಸಡ್ಲಾಗೇತಿ."

"ಹೌದು. ಎಲ್ಲಿ ಅಂತ ಗೊತ್ತಾಗವಲ್ದು. ಒಂದು ರಾತ್ರಿ ಲಾರಿ ತಿರುಗಿಸಿ, ಮೂತಿ ಕೆಳಗ ಮಾಡಿ ನಿಲ್ಲಿಸಿ ನೋಡಬೇಕು. ಆಗ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗಾಕ ಬರಂಗಿಲ್ಲ. ಮುಂಜಾನೆ ಶುರುವಾದ್ರ ತಪ್ಪು ಟ್ಯಾಂಕಿಗೂ ಪಂಪಿಗೂ ನಡುವಿನ ಪೈಪಿನಾಗ ಐತಿ. ಶುರುವಾಗದಿದ್ರ ಇಂಜಿನ್ ಬಿಚ್ಚೂದ ಗತಿ."

ಚಿಗವ್ವ ಪೈಪನ್ನು ಕೆಳಗಿಟ್ಟಳು. "ಅಕಿಗೆ ಬೆನ್ನು ಹಾಕಂಗಿಲ್ಲ."

ನಾನು ಗುಡಿಯ ಕಡೆ ನೋಡಿದೆ.

"ನನಗಂತಲ್ಲ. ನಾಳೆ ದಾರ್ಯಾಗ ಏನರ ಒಂದು ಆತಂದ್ರ ಊರು ಇದನ್ನ ಆಡತೈತಿ. ಗಂಡ ಇದ್ದಾಗ ನೆಟ್ಟಗ ನಿಂತ ಗಾಡಿ, ಇಕಿ ಕೈಯಾಗ ತಿರಿಗಿ ನಿಂತಿತ್ತು ಅಂತ. ಭಾವಾರ ಕಿವಿಗೂ ಹೋಗತೈತಿ."

ಅವಳ ಮಾತಿನಲ್ಲಿ ಭಕ್ತಿ ಎಷ್ಟು, ಊರಿನ ಬಾಯಿಯ ಹೆದರಿಕೆ ಎಷ್ಟು ಎಂದು ನಾನು ಅಳೆಯಲು ಹೋಗಲಿಲ್ಲ. ಅವಳು ಸೆರಗು ಹೊದ್ದು, ಒಂದು ತೆಂಗಿನಕಾಯಿ ತೆಗೆದುಕೊಂಡು ಗುಡಿಯ ಕಡೆ ನಡೆದಳು. ನಾನೂ ಹಿಂದೆ ಹೋದೆ. ಪೂಜಾರಿ ದುರಗಪ್ಪಜ್ಜ ದೀಪದ ಬತ್ತಿ ಹೊಸೆಯುತ್ತ ಕುಳಿತಿದ್ದ. ಅವಳು ಇದ್ದದ್ದನ್ನೆಲ್ಲ ಹೇಳಿದಳು, ಪೈಪು ಮತ್ತು ಹೆಬ್ಬೆಟ್ಟಿನ ಸಮೇತ. ಅಜ್ಜ ಬತ್ತಿ ಹೊಸೆದು ಮುಗಿಸಿದ.

"ಶಾಂತವ್ವಾ, ಅವ್ವನ್ನ ಹಳ್ಳಕ್ಕ ಜಳಕಕ್ಕ ಒಯ್ಯುವಾಗ ಯಾತರಾಗ ಒಯ್ತೀವಿ?"

"ಬಂಡ್ಯಾಗ."

"ಬಂಡಿಗೆ ಎತ್ತು ಹೂಡತೀವಿ. ಎತ್ತಿನ ಬೆನ್ನು ಯಾರ ಕಡಿ ಇರತೈತಿ?"

"ಅವ್ವನ ಕಡೀನ" ಎಂದಳು ಚಿಗವ್ವ.

"ಬೆನ್ನಷ್ಟ ಅಲ್ಲ, ಬಾಲಾನೂ ಅಕಿ ಕಡೀನ ಇರತೈತಿ. ದಾರ್ಯಾಗ ಎತ್ತು ಏನೇನ ಮಾಡತೈತಿ ಅಂತ ನಿನಗ ಗೊತ್ತೈತಿ. ಇಷ್ಟು ವರ್ಸಾತು, ಅಕಿ ಒಂದಿನಾ ಎತ್ತಿನ ಮ್ಯಾಲ ಸಿಟ್ಟಾಗಿಲ್ಲ. ದುಡಿಯೂ ಪ್ರಾಣಿ ತಿರುಗಿ ನಿಂತ್ರ ನಡೀತೈತಿ. ಕಾಯಿ ಇಟ್ಟು ಹೋಗು."

ಹಿಂದಿರುಗುವಾಗ ಚಿಗವ್ವ ನಗುತ್ತಿದ್ದಳು, ಸದ್ದಿಲ್ಲದೆ, ಸೆರಗನ್ನು ಬಾಯಿಗೆ ಹಿಡಿದುಕೊಂಡು. ಕಾಕಾ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕತ್ತಲಾಗುವ ಹೊತ್ತಿಗೆ ಲಾರಿ ಬಂದಾಗ ಮಾಬುಸಾಬ ಅದನ್ನು ಹಿಂದೆ ಮುಂದೆ ಮಾಡಿ ತಿರುಗಿಸಿ ನಿಲ್ಲಿಸಿದ. ಕಲ್ಲುಗಳನ್ನು ಮುಂದಿನ ಚಕ್ರಗಳಿಗೆ ಕೊಟ್ಟ. ಓಣಿಯವರು ಬಂದು ನೋಡಿದರು. ಬಸಪ್ಪ ಸೊಂಟದ ಮೇಲೆ ಕೈಯಿಟ್ಟು, "ಈಗ ನಿಮ್ಮ ಲಾರಿ ನಿಮ್ಮ ಅಡಗಿಮನಿ ನೋಡಾಕತ್ತೈತಿ. ಮುಂಜಾನೆ ರೊಟ್ಟಿ ಕೇಳತೈತಿ ನೋಡು" ಎಂದ. ಚಿಗವ್ವ ಆ ರಾತ್ರಿ ಕೌದಿ ಹೊದಿಸಲಿಲ್ಲ, ಕೆಂಡವೂ ಬೇಡ ಎಂದಳು. "ಪರೀಕ್ಷಾ ಅಂದ ಮ್ಯಾಲ ನೆಟ್ಟಗ ಆಗಲಿ." ಅದನ್ನು ನಾನು ಹೇಳಬೇಕೆಂದಿದ್ದೆ. ಅವಳೇ ಹೇಳಿದ್ದು ಒಳ್ಳೆಯದಾಯಿತು.

ಮರುದಿನ ಹಿಂದಿನ ದಿನಗಳಿಗಿಂತ ಚಳಿ ಹೆಚ್ಚಿತ್ತು. ತಂಬಿಗೆಯ ನೀರು ಬೆರಳು ಕೊರೆಯುತ್ತಿತ್ತು. ಮಾಬುಸಾಬ ಅಭ್ಯಾಸದಂತೆ ಪಂಪಿಗೆ ಬಗ್ಗಿದ. ಚಿಗವ್ವ ಬೇಡವೆಂದು ಕೈಮಾಡಿದಳು. ಅವನು ಹತ್ತಿ ಕುಳಿತು ಕೀಲಿ ತಿರುಗಿಸಿದ. ಸೆಲ್ಫಿನ ಸದ್ದು ಪೂರ್ತಿ ಕೇಳುವ ಮೊದಲೇ ಇಂಜಿನ್ ಹತ್ತಿತು. ಆಚೆ ಮನೆಯಲ್ಲಿ ಸರಪಳಿ ಎತ್ತಿಕೊಂಡ ಸದ್ದಾಯಿತು, ಮತ್ತೆ ಅದನ್ನು ಕೆಳಗೆ ಹಾಕಿದ ಸದ್ದು.

"ಅಂದ್ರ ಇಂಜಿನ್ ಛಲೋ ಐತಿ" ಎಂದಳು ಚಿಗವ್ವ. ಅಷ್ಟೇ ಹೇಳಿ ಚಹಾ ಇಡಲು ಒಳಗೆ ಹೋದಳು.

ಎಲ್ಲಿ ಹುಡುಕಬೇಕೆಂದು ಗೊತ್ತಾದ ಮೇಲೆ ಈರಪ್ಪ ಮಿಸ್ತ್ರಿಗೆ ಹೆಚ್ಚು ಕೆಲಸವಿರಲಿಲ್ಲ. ಅವತ್ತು ಕಾಲೇಜು ಮುಗಿಸಿ ನಾನೂ ಗ್ಯಾರೇಜಿಗೆ ಹೋದೆ; ಚಿಗವ್ವ ಬಸ್ಸಿನಲ್ಲಿ ಬಂದಿದ್ದಳು. ಟ್ಯಾಂಕಿನಿಂದ ಮುಂದೆ ಬರುವ ಪೈಪನ್ನು ಅವರು ಪೂರ್ತಿ ಕಳಚಿ ನೆಲದ ಮೇಲೆ ಹಾಕಿದ್ದರು. ಮಣ್ಣು ಕೆರೆದಾಗ ನಡುವೆ ಒಂದು ಕಡೆ ರಬ್ಬರಿನ ಜೋಡಣೆಯ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದು ಕಂಡಿತು. ಒಳಗಿನ ರಬ್ಬರು ಒಣಗಿ ಕಟ್ಟಿಗೆಯಾಗಿತ್ತು. ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತಿತ್ತು. ಚಳಿಗೆ ಕುಗ್ಗಿ ಗಾಳಿಗೆ ದಾರಿ ಬಿಡುತ್ತಿತ್ತು. ಹಾಗಾಗಿ ಚಳಿ ಎಂದು ಊರಿನವರು ಹೇಳಿದ್ದೂ ಪೂರ್ತಿ ತಪ್ಪಾಗಿರಲಿಲ್ಲ.

"ಇದು ನನ್ನ ಕೈ ಕೆಲಸ ಅಲ್ಲ" ಎಂದರು ಮಿಸ್ತ್ರಿ.

ಚಿಗವ್ವ ಬಗ್ಗಿ ಗಂಟು ನೋಡಿದಳು. ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದ ಗಂಟು, ಜೋಳದ ಸೊಪ್ಪೆಯ ಕಂತೆ ಕಟ್ಟುವ ರೀತಿಯದು. "ಅವರದ" ಎಂದಳು. "ದಾರ್ಯಾಗ ಎಲ್ಲೋ ಕೈ ಕೊಟ್ಟಿರಬೇಕು. ಕಟಗೊಂಡು ಬಂದಾರ, ಆಮ್ಯಾಲ ಮರತಾರ."

ಮಿಸ್ತ್ರಿ ಚಾಕು ಹಿಡಿದು ಕಾದರು. "ಏನ್ ಮಾಡ್ಲಿ ತಂಗೆವ್ವಾ, ಬಿಸಾಕ್ಲೇನು?"

"ಮತ್ತೇನು, ಮನಿಗೊಯ್ದು ಪೂಜಾ ಮಾಡ್ಲಿ? ಕೊಯ್ದು ಒಗೀರಿ. ಹೊಸಾದು ಹಾಕ್ರಿ, ಕಬ್ಬಣದ ಕ್ಲಿಪ್ ಹಾಕ್ರಿ."

ಅವರು ಕೊಯ್ದರು. ಅವಳು ಮುಖ ತಿರುಗಿಸಲಿಲ್ಲ.

ಅಂದು ಸಂಜೆ ಲಾರಿಯನ್ನು ಮೊದಲಿನಂತೆ ದ್ಯಾಮವ್ವನ ಕಡೆ ಮುಖ ಮಾಡಿ, ಮೂತಿ ಮೇಲೆ ಮಾಡಿ ನಿಲ್ಲಿಸಲು ಚಿಗವ್ವ ಹೇಳಿದಳು. 'ಹಂಗ ನಿಂತು ಶುರುವಾದ್ರ ಖರೇ ಆರಾಮ ಆತು' ಎಂಬುದು ಅವಳ ಲೆಕ್ಕ. ಆಗಲೇ ಅಪ್ಪನ ಫೋನ್ ಬಂತು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅಪ್ಪನಿಗೆ ಸಂತೋಷವಾಯಿತು.

"ಛಲೋ ಆತು. ಶುರುವಾಗೂ ಗಾಡಿಗೆ ರೇಟ್ ಬರತೈತಿ. ನಾಳೆ ಮುಂಜಾನೆ ಕುಷ್ಟಗಿಯವರನ್ನ ಕರಕೊಂಡು ಬರ್ತೀನಿ. ಗಾಡಿ ಮನ್ಯಾಗ ಇರಲಿ ಅಂತ ಶಾಂತವ್ವಗ ಹೇಳು."

ಲಾರಿ ಸರಿಯಾದರೆ ಮಾತು ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಅದು ಮಾರಲು ಇನ್ನೂ ಒಳ್ಳೆಯ ಕಾರಣವಾಗಬಹುದೆಂದು ನನಗೆ ಹೊಳೆದಿರಲಿಲ್ಲ. ಚಿಗವ್ವನಿಗೆ ಅಪ್ಪ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳು ಹಮಾಲರ ಮೇಸ್ತ್ರಿಯ ಜೊತೆ ಮಾತಾಡುತ್ತಿದ್ದವಳು ಫೋನನ್ನು ಎದೆಗೆ ಒತ್ತಿ ಹಿಡಿದು ಕೇಳಿದಳು.

"ನೀ ಹೇಳಿದಿ. ನಾ ಕೇಳಿದೆ" ಎಂದಳು. ಮತ್ತೆ ಫೋನನ್ನು ಕಿವಿಗೆ ಇಟ್ಟುಕೊಂಡಳು.

ಬೆಳಿಗ್ಗೆ ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಇಂಜಿನ್ನಿನ ಸದ್ದು ಗುಡಿಯ ಬಂಡೆ ದಾಟಿ ಡಾಂಬರು ರಸ್ತೆಗೆ ಇಳಿಯುತ್ತಿತ್ತು. ಚಿಗವ್ವ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಕಣ್ಣುರಿಸುವ ಹೊಗೆ ಇರಲಿಲ್ಲ. ಪಂಪು ಹೊಡೆಯಬೇಕಾಯಿತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು.

ಅಪ್ಪ ಮತ್ತು ಕುಷ್ಟಗಿಯವರು ಸೂರ್ಯ ಹುಟ್ಟುವ ಹೊತ್ತಿಗೆ ಜೀಪಿನಲ್ಲಿ ಬಂದರು. ಕುಷ್ಟಗಿಯವರು ಮಫ್ಲರ್ ಸುತ್ತಿಕೊಂಡ, ಕಡಿಮೆ ಮಾತಿನ ಮನುಷ್ಯ. ಅಂಗಳವೆಲ್ಲ ಇಬ್ಬನಿಗೆ ನೆಂದು ಕಪ್ಪಾಗಿತ್ತು. ನಡುವೆ ಲಾರಿ ನಿಂತಿದ್ದಷ್ಟು ಜಾಗ ಮಾತ್ರ ಒಣಗಿ ಬೆಳ್ಳಗೆ, ಗೆರೆ ಎಳೆದಂತೆ, ಉದ್ದಕ್ಕೆ ಉಳಿದಿತ್ತು.

"ಗಾಡಿ ಎಲ್ಲಿ ಶಾಂತವ್ವ?" ಎಂದರು ಅಪ್ಪ.

"ಗದ್ದಿಗೆ ಹೋಗೇತ್ರಿ ಭಾವಾರ. ಹಮಾಲರು ಕಾಯಾಕತ್ತಿದ್ರು. ಬರ್ರಿ, ಚಹಾ ಕುಡೀರಿ."

"ಮನ್ಯಾಗ ಇರಲಿ ಅಂತ ಹೇಳಿದ್ದೆ."

"ನಿಮ್ಮ ಮಗಳು ಹೇಳಿದ್ಲರಿ. ಕೆಟ್ಟಿದ್ರ ಮನ್ಯಾಗ ಇರತಿತ್ತು."

ಅಪ್ಪ ನನ್ನ ಕಡೆ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಅಷ್ಟರಲ್ಲಿ ಕುಷ್ಟಗಿಯವರು ಆ ಒಣ ಜಾಗದ ಅಂಚಿಗೆ ಹೋಗಿ ಕುಕ್ಕುರುಗಾಲಲ್ಲಿ ಕುಳಿತಿದ್ದರು. ಇಂಜಿನ್ ಇದ್ದಲ್ಲಿ, ಗೇರ್‌ಬಾಕ್ಸ್ ಇದ್ದಲ್ಲಿ, ಹಿಂದಿನ ಅಚ್ಚು ಇದ್ದಲ್ಲಿ ನೆಲವನ್ನು ಬೆರಳಿನಿಂದ ಮುಟ್ಟಿ, ಬೆರಳು ಮೂಸಿ ನೋಡಿದರು. ಎಲ್ಲೂ ಎಣ್ಣೆಯ ಹನಿ ಇರಲಿಲ್ಲ. ಎದ್ದು ಕೈ ಜಾಡಿಸಿದರು.

"ಈ ಏರಿನ್ಯಾಗ ನಿಂತು, ಇಂಥಾ ಥಂಡ್ಯಾಗ ತಾನ ಶುರು ಆಗಿ ಹೋತೇನ್ರಿ?"

"ಹೌದ್ರಿ" ಎಂದಳು ಚಿಗವ್ವ.

ಅವರು ಅಪ್ಪನ ಕಡೆ ತಿರುಗಿದರು. "ಸಾಹೇಬ್ರ, ನಾ ಹಳೇ ಗಾಡಿ ಕೊಳ್ಳಾಂವ. ಸುಗ್ಗ್ಯಾಗ ದುಡಿಯೂ ಗಾಡಿ ಯಾರೂ ಕೊಡಂಗಿಲ್ಲ. ನಾನಾದ್ರೂ ಕೊಡಂಗಿಲ್ಲ. ಸುಮ್ಮನ ಬಂದಂಗಾತು. ಚಹಾ ಕುಡದು ಹೋಗೂಣ ನಡೀರಿ."

ಅವರು ಒಳಗೆ ಹೋದರು. ಅಪ್ಪ ಹೊರಗೇ ಉಳಿದರು, ಚಪ್ಪಲಿ ಬಿಡದೆ, ಆ ಬೆಳ್ಳನೆಯ ಜಾಗವನ್ನು ಒಂದು ಸುತ್ತು ಬಳಸಿ ನಡೆದರು. ಅದರ ಮೇಲೆ ಕಾಲಿಡಲಿಲ್ಲ. ಬಾಗಿಲ ಹತ್ತಿರ ಬಂದಾಗ ಚಿಗವ್ವ ಚಹಾದ ಲೋಟ ಚಾಚಿದಳು.

"ಸಂಜಿಗೆ ಎಷ್ಟೊತ್ತಿಗೆ ಬರತೈತಿ?" ಎಂದು ಕೇಳಿದರು ಅಪ್ಪ.

"ಖಾಲಿ ಆದ ಮ್ಯಾಲರಿ."

"ನಾಳೆ?"

"ನಾಳಿಗೂ ಲೋಡ್ ಐತ್ರಿ."

ಅಪ್ಪ ಲೋಟ ತೆಗೆದುಕೊಂಡರು. ಚಪ್ಪಲಿ ಕಳಚಿ ಒಳಗೆ ಬಂದು ಕುಳಿತರು.